ಟೈರಿನ ಅಳತೆ: ಕೆಲವು ಅಂಕಿಗಳ ಇತಿಹಾಸವೂ ನಮ್ಮ ಸೀಮೆಯ ರಸ್ತೆಗಳೂ

ಕಾರಿನೊಡನೆ ಬಂದ ಟೈರು ಸವೆದ ಮೇಲೆ ಅದೇ ಅಳತೆಯದನ್ನೇ ಹಾಕಿಸಬೇಕೆ, ಇಲ್ಲವೆ ಒಂದು ಅಳತೆ ದೊಡ್ಡದನ್ನು ಹಾಕಿಸಬಹುದೆ ಎಂಬುದು ಚಾಮರಾಜನಗರ, ಗುಂಡ್ಲುಪೇಟೆಗಳ ಟೈರಿನ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆ. ಕೇಳುವವರಿಗೆ ಕಾರಣವಿಲ್ಲದಿಲ್ಲ. ಅರಿಸಿನ, ಬಾಳೆ, ಚೆಂಡುಹೂವಿನ ಹೊಲಗಳಿಗೆ ಹೋಗುವ ದಾರಿಗಳಲ್ಲಿ ಗಾಡಿಜಾಡಿನ ನಡುವಣ ದಿಣ್ಣೆ ಕಾರಿನ ಹೊಟ್ಟೆಯನ್ನು ಕೆರೆಯುತ್ತದೆ. ಕರಿಕಲ್ಲಿನ ಗಣಿಗಳ ಕಡೆಯ ಹಾದಿ ಚೂಪುಗಲ್ಲಿನದು. ಬಂಡೀಪುರದ ಹೆದ್ದಾರಿಯಲ್ಲಿ ಕಾಡುಪ್ರಾಣಿಗಳ ರಕ್ಷಣೆಗಾಗಿ ಹಾಕಿರುವ ಉಬ್ಬುಗಳು ಒಂದರ ಹಿಂದೆ ಒಂದು ಬರುತ್ತವೆ. ಗಾಲಿ ದೊಡ್ಡದಾದರೆ ಕಾರು ಎತ್ತರವಾಗುವುದು, ಎತ್ತರವಾದರೆ ತಾಗದು ಎಂಬುದು ಸಹಜವಾದ ಆಲೋಚನೆಯೇ.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಅಂಕಿಗಳು ಒಂದು ಕಿರುಶಾಸನದಂತಿವೆಯೆಂಬುದೂ, ಬೇರೆ ಬೇರೆ ಕಾಲಗಳ ಅಳತೆಯ ಪದ್ಧತಿಗಳು ಅದರಲ್ಲಿ ಒಂದರ ಮೇಲೊಂದು ಕುಳಿತಿವೆಯೆಂಬುದೂ, ಶಾಸನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಬೇಕಾಗಿದ್ದ ಒಂದು ಅಂಕಿ ಸುಮಾರು ನೂರು ವರ್ಷಗಳ ಹಿಂದೆಯೇ ಲುಪ್ತವಾಗಿ ಹೋಗಿದೆಯೆಂಬುದೂ ನಮ್ಮ ಉತ್ತರ. ಈ ಲುಪ್ತವಾದ ಅಂಕಿಯನ್ನು ಓದುಗನೇ ಲೆಕ್ಕಹಾಕಿ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಳ್ಳದೆ ಕೊಂಡವರೇ ತೊಂದರೆಗೆ ಒಳಗಾಗುವರು.

ಹಳೆಯ ಎತ್ತಿನ ಗಾಡಿಯಿಂದ ಹೊರಡುವುದು ಅನುಕೂಲ. ಬಡಗಿ ಮಾಡಿಕೊಟ್ಟ ಮರದ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟಿ ತೊಡಿಸುವಾಗ ಮೊದಲು ಅಳೆಯುತ್ತಿದ್ದುದು ಗಾಲಿಯ ಹೊರಸುತ್ತನ್ನು. ಪಟ್ಟಿಯನ್ನು ಅದಕ್ಕಿಂತ ಕೊಂಚ ಕಿರಿದಾಗಿ ಬಾಗಿಸಿ ಬೆಸೆದು, ಕೆಂಪಗೆ ಕಾಯಿಸಿ, ಹಿಗ್ಗಿದ ಕೂಡಲೆ ಗಾಲಿಗೆ ತೊಡಿಸಿ ನೀರು ಸುರಿದರೆ, ಆರುತ್ತ ಬಂದ ಕಬ್ಬಿಣ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ನೆಲವನ್ನು ಮುಟ್ಟುವ ಹೊರಸುತ್ತೇ ಇಲ್ಲಿ ಮುಖ್ಯ. ಮುಂದೆ ಗಾಳಿಯ ಟೈರು ತೊಟ್ಟ ‘ಟೈರು ಗಾಡಿ’ಗಳು ನಮ್ಮ ಹಳ್ಳಿಗಳಲ್ಲಿ ಹರಡಿದಾಗ ಈ ಕೌಶಲ ಹಿಂದೆ ಸರಿಯಿತು.

ಗಾಳಿಯ ಟೈರಿನ ಕಲ್ಪನೆಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಹಕ್ಕುಪತ್ರ ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮತ್ತೆ ಕಂಡುಹಿಡಿದ ಮೇಲೆ ಪ್ರಚಾರಕ್ಕೆ ಬಂದಿತು. ಮೋಟಾರು ಕಾರಿನ ಆರಂಭದ ದಿನಗಳಲ್ಲಿ ಟೈರಿನ ಮೇಲೆ ಬರೆಯುತ್ತಿದ್ದ ಅಂಕಿಗಳು ಕಮ್ಮಾರನ ದೃಷ್ಟಿಯನ್ನೇ ಅನುಸರಿಸಿದ್ದವು. ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಕಾರಿನ ಹಿಂದಿನ ಗಾಲಿಗಳ ಟೈರು 30 × 3½ ಅಂಗುಲದ್ದು. ಮೊದಲನೆಯ ಅಂಕಿ ಟೈರಿನ ಹೊರವ್ಯಾಸ, ಎರಡನೆಯದು ಅದರ ದಪ್ಪ. ಫ್ರಾನ್ಸಿನವರು ಇದೇ ಕ್ರಮದಲ್ಲಿ ಮಿಲಿಮೀಟರುಗಳನ್ನು ಬರೆಯುತ್ತಿದ್ದರು. ಅಂಕಿಯನ್ನು ನೋಡಿದೊಡನೆ ಗಾಲಿಯ ಎತ್ತರ ತಿಳಿಯುತ್ತಿದ್ದ ಕಾಲವದು.

1920ರ ದಶಕದಲ್ಲಿ ಕಡಮೆ ಒತ್ತಡದ, ದಪ್ಪನಾದ ‘ಬಲೂನ್’ ಟೈರುಗಳು ಬಂದಾಗ ಈ ಕ್ರಮ ಮುರಿಯಿತು. ಅದೇ ‘ಮಾಡೆಲ್ ಟಿ’ಯ ಕೊನೆಯ ವರ್ಷಗಳ ಟೈರು 4.40-21. ಇಲ್ಲಿ 4.40 ಎಂಬುದು ಟೈರಿನ ದಪ್ಪ; 21 ಎಂಬುದಾದರೋ ಟೈರು ಕೂರುವ ಕಬ್ಬಿಣದ ರಿಮ್ಮಿನ ವ್ಯಾಸ. ಟೈರು ರಿಮ್ಮಿಗೆ ಕೂರುವುದೋ ಇಲ್ಲವೋ ಎಂಬುದು ವರ್ತಕನಿಗೆ ಬೇಕಾದ ಸಂಗತಿಯಾದುದರಿಂದ ಅದು ಉಳಿಯಿತು. ನೆಲಕ್ಕೂ ಅಚ್ಚಿಗೂ ಇರುವ ದೂರ ಎಷ್ಟೆಂಬುದನ್ನು ತಿಳಿಸುತ್ತಿದ್ದ ಹೊರವ್ಯಾಸ ಬಿಟ್ಟುಹೋಯಿತು. ನಮ್ಮ ದೇಶದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ 5.90-15, ಪ್ರೀಮಿಯರ್ ಪದ್ಮಿನಿಯ 5.20-14, ಜೀಪಿನ 6.00-16, ಇವೆಲ್ಲ ಈ ಎರಡನೆಯ ಕಾಲದ ಬರಹಗಳು. ಆಗಿನ ಟೈರಿನ ಎತ್ತರವು ಅದರ ದಪ್ಪಕ್ಕೆ ಹೆಚ್ಚುಕಡಮೆ ಸಮನಾಗಿದ್ದುದರಿಂದ ಅನುಭವಿಗಳು ಅಂದಾಜು ಮಾಡಬಲ್ಲವರಾಗಿದ್ದರು: ಜೀಪಿನದು 16ಕ್ಕೆ ಎರಡು ಬಾರಿ 6 ಕೂಡಿಸಿದರೆ ಸುಮಾರು 28 ಅಂಗುಲ.

ಮೂರನೆಯ ಪದರ ರೇಡಿಯಲ್ ಟೈರಿನದು. ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆಯಿತು. ಹಳೆಯ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತಿದ್ದರೆ, ಇದರಲ್ಲಿ ಅವು ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ನೇರವಾಗಿ, ಗಾಲಿಯ ಅರಗಳಂತೆ ಹೋಗುತ್ತವೆ. ಇಂತಹ ಟೈರನ್ನು ಅಗಲವಾಗಿಯೂ ಗಿಡ್ಡವಾಗಿಯೂ ಮಾಡಲು ಸಾಧ್ಯವಾದ ಕಾರಣ, ಎತ್ತರವು ಅಗಲದ ಶೇಕಡ ಎಷ್ಟು ಎಂಬುದನ್ನು ಬೇರೆಯಾಗಿ ಬರೆಯಬೇಕಾಯಿತು. ಹೀಗೆ ಹುಟ್ಟಿದುದೇ ಇಂದಿನ 165/80 ಆರ್ 14 ಎಂಬ ರೂಪ. 165 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂಬುದು ಶೇಕಡಾಂಶ. ಆರ್ ಎಂದರೆ ರೇಡಿಯಲ್. 14 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಮೂರು ಅಂಕಿಗಳು, ಮೂರು ಬಗೆಯ ಮಾನಗಳು! ರಿಮ್ಮನ್ನೂ ಮಿಲಿಮೀಟರಿಗೆ ತರಬೇಕೆಂದು ಮಿಶೆಲಿನ್ ಸಂಸ್ಥೆಯೇ 1975ರಿಂದ 390 ಮಿಲಿಮೀಟರು ಮೊದಲಾದ ರಿಮ್ಮುಗಳನ್ನು ಹೊರತಂದಿತಾದರೂ ಆ ಪ್ರಯತ್ನ ನೆಲೆಗೊಳ್ಳಲಿಲ್ಲ. ನಮ್ಮ ದೇಶ 1956ರ ಕಾಯಿದೆಯಿಂದ ಮೆಟ್ರಿಕ್ ಮಾನವನ್ನು ಒಪ್ಪಿಕೊಂಡು, 1957ರಲ್ಲಿ ನಾಣ್ಯವನ್ನೂ ದಶಾಂಶಕ್ಕೆ ತಂದುಕೊಂಡಿತು. ಆದರೂ ಗುಂಡ್ಲುಪೇಟೆಯ ಅಂಗಡಿಯಲ್ಲಿ ಇಂದಿಗೂ ಕೇಳುವುದು ‘ಹದಿನಾಲ್ಕು ಇಂಚಿನ ಟೈರು’ ಎಂದೇ. ಅಧಿಕೃತ ಮಾನ ಬದಲಾದ ಮಾತ್ರಕ್ಕೆ ಬಳಕೆಯ ಮಾನ ಬದಲಾಗದು ಎಂಬುದಕ್ಕೆ ಕೊಳಗ, ಸೇರುಗಳ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಇದನ್ನೂ ಒಂದು ನಿದರ್ಶನವಾಗಿ ಇಟ್ಟುಕೊಳ್ಳಬಹುದು.

ಈಗ ಲುಪ್ತವಾದ ಅಂಕಿಯನ್ನು ಹುಡುಕೋಣ. 165ರಲ್ಲಿ ಶೇಕಡ 80 ಎಂದರೆ 132 ಮಿಲಿಮೀಟರು. ಇದು ಟೈರಿನ ಪಕ್ಕೆಯ ಎತ್ತರ. ರಿಮ್ಮಿನ ಮೇಲೊಂದು ಕೆಳಗೊಂದು ಪಕ್ಕೆ ಇರುವುದರಿಂದ 264. ರಿಮ್ಮು 14 ಅಂಗುಲ, ಅಂಗುಲಕ್ಕೆ 25.4 ಮಿಲಿಮೀಟರಿನಂತೆ 355.6. ಎರಡನ್ನೂ ಕೂಡಿದರೆ ಹೊರವ್ಯಾಸ 619.6 ಮಿಲಿಮೀಟರು. ಮಾರುತಿ ಸುಜುಕಿ ಕಂಪೆನಿಯ ಸ್ವಿಫ್ಟ್ ಕಾರಿನ ಕಡಮೆ ಬೆಲೆಯ ಮಾದರಿಗಳಿಗೆ ಹಲವು ವರ್ಷ ಈ ಅಳತೆಯ ಟೈರು ಬರುತ್ತಿತ್ತು; ಅದೇ ಕಾರಿನ ಹೆಚ್ಚು ಬೆಲೆಯ ಮಾದರಿಗೆ 185/65 ಆರ್ 15. ಮೂರು ಅಂಕಿಗಳೂ ಬೇರೆ. ಇದರ ಹೊರವ್ಯಾಸವನ್ನು ಎಣಿಸಿದರೆ 621.5 ಮಿಲಿಮೀಟರು! ಅಂಕಿಗಳೆಲ್ಲ ಬದಲಾದರೂ ಹೊರವ್ಯಾಸದಲ್ಲಿ ಎರಡು ಮಿಲಿಮೀಟರಿನ ಅಂತರವೂ ಇಲ್ಲ. ಕಾರನ್ನು ಮಾಡಿದವರು ಯಾವ ಅಂಕಿಯನ್ನು ಕಾಪಾಡಿಕೊಳ್ಳುತ್ತಾರೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಎರಡೇ ಅಂಕಿ ನೋಡಿ ಕೊಳ್ಳುವವನ ಗತಿಯನ್ನು ನೋಡೋಣ. ರಿಮ್ಮು 14 ಇರಲಿ, ಅಗಲ 185 ಆಗಲಿ ಎಂದು ಅವನು ನಿಶ್ಚಯಿಸಿದನೆನ್ನೋಣ. 185/70 ಆರ್ 14 ದೊರೆತರೆ ಹೊರವ್ಯಾಸ 614.6, ಮೂಲಕ್ಕಿಂತ ಶೇಕಡ ಒಂದಕ್ಕೂ ಕಡಮೆ ವ್ಯತ್ಯಾಸ, ಅದೂ ಕೆಳಮುಖವಾಗಿ. ಎಂದರೆ ಅಗಲವಾದ ಟೈರು ಹಾಕಿಯೂ ಕಾರು ಕೂದಲೆಳೆಯಷ್ಟು ತಗ್ಗಿತು. 185/80 ಆರ್ 14 ದೊರೆತರೆ 651.6, ಶೇಕಡ 5.2 ಹೆಚ್ಚಳ. ನಡುವಣ ಅಂಕಿಯೊಂದೇ ಬೇರೆ, ಫಲವೋ ಅಜಗಜಾಂತರ. ಇಷ್ಟಾಗಿಯೂ ಕಾರು ಏರುವ ಎತ್ತರ ಎಷ್ಟು? ವ್ಯಾಸ 32 ಮಿಲಿಮೀಟರು ಹೆಚ್ಚಿದರೆ ನೆಲದಿಂದ ಅಚ್ಚಿನ ಎತ್ತರ ಅದರ ಅರ್ಧ, ಅಂದರೆ 16 ಮಿಲಿಮೀಟರು, ಹೆಬ್ಬೆರಳಿನ ಅಗಲಕ್ಕೂ ಕಡಮೆ. ಗಾಡಿಜಾಡಿನ ದಿಣ್ಣೆಗೆ ಇದು ಸಾಲದು.

ಈ ಅಲ್ಪಲಾಭಕ್ಕೆ ತೆರುವ ಬೆಲೆಯನ್ನು ತಿಳಿಯಲು ವೇಗಸೂಚಕ ಕೆಲಸ ಮಾಡುವ ಬಗೆಯನ್ನು ಅರಿಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕಾಲಿನ್ ಮೆಕೆಂಝಿಯ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಮೋಜಣಿ ನಡೆಯಿತೆಂಬುದು ವಾಚಕರಿಗೆ ತಿಳಿದ ವಿಷಯ. ಆ ಕಾಲದ ಮೋಜಣಿದಾರರು ದಾರಿಗಳ ಉದ್ದವನ್ನು ಅಳೆಯುತ್ತಿದ್ದುದು ಹಿಡಿಕೆಯುಳ್ಳ ಒಂಟಿ ಚಕ್ರವೊಂದನ್ನು ಉರುಳಿಸುತ್ತ. ಚಕ್ರ ಎಷ್ಟು ಸುತ್ತು ಸುತ್ತಿತೆಂಬುದನ್ನು ಅದಕ್ಕೆ ಜೋಡಿಸಿದ ಯಂತ್ರ ಎಣಿಸುತ್ತಿತ್ತು, ಸುತ್ತುಗಳನ್ನು ಪರಿಧಿಯಿಂದ ಗುಣಿಸಿದರೆ ದೂರ. ಪರಿಧಿ ತಪ್ಪಾಗಿದ್ದರೆ ನಕ್ಷೆಯೇ ತಪ್ಪು. ಕಾರಿನ ದೂರಮಾಪಕವೂ ವೇಗಸೂಚಕವೂ ಮೂಲತಃ ಇದೇ ಚಕ್ರ. ದೂರವನ್ನು ಅವು ಕಾಣುವುದಿಲ್ಲ. ಸುತ್ತುಗಳನ್ನು ಎಣಿಸಿ, ಕಾರ್ಖಾನೆಯಲ್ಲಿ ತಮಗೆ ಹೇಳಿಕೊಟ್ಟ ಪರಿಧಿಯನ್ನು ನಂಬಿ ಗುಣಿಸುತ್ತವೆ. 619.6 ಮಿಲಿಮೀಟರು ವ್ಯಾಸದ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು ಸುತ್ತುವುದು, 651.6ರದು ಸುಮಾರು 489. (ಭಾರದಿಂದ ಟೈರು ಕೊಂಚ ಚಪ್ಪಟೆಯಾಗುವುದರಿಂದ ನಿಜವಾದ ಸುತ್ತುಗಳು ಸ್ವಲ್ಪ ಹೆಚ್ಚು, ಆದರೆ ಇವೆರಡರ ನಡುವಣ ಪ್ರಮಾಣ ಬದಲಾಗದು.) ಆದಕಾರಣ ದೊಡ್ಡ ಗಾಲಿಯ ಕಾರಿನಲ್ಲಿ ಸೂಚಕದ ಲೆಕ್ಕ 60 ಎಂದಾಗ ಕಾರು ಓಡುವುದು 63ರಲ್ಲಿ, 80 ಎಂದಾಗ 84ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವುಂಟು. ವೇಗಸೂಚಕವು ನಿಜವಾದ ವೇಗಕ್ಕಿಂತ ಕಡಮೆ ತೋರಿಸಲೇ ಕೂಡದು, ಹೆಚ್ಚು ತೋರಿಸಿದರೆ ಒಂದು ಮಿತಿಯವರೆಗೆ ಅಡ್ಡಿಯಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಈ ಮಿತಿ ನಿಜವೇಗದ ಹತ್ತರಲ್ಲೊಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರು. ಹೀಗಾಗಿ ಹೊಸ ಕಾರುಗಳ ಸೂಚಕಗಳು ಸಾಮಾನ್ಯವಾಗಿ ಕೊಂಚ ಮುಂದಾಗಿಯೇ ಓಡುತ್ತವೆ. ಟೈರಿನ ಹೊರವ್ಯಾಸ ಶೇಕಡ 3ರವರೆಗೆ ಹೆಚ್ಚುಕಡಮೆಯಾದರೆ ಸಹಿಸಬಹುದೆಂದು ಬಲ್ಲವರು ಹೇಳುವ ಲೆಕ್ಕಕ್ಕೆ ಈ ಸಡಿಲವೇ ಒಂದು ಆಧಾರವೆನ್ನಬಹುದು. ಶೇಕಡ 5ರ ಹೆಚ್ಚಳವು ಆ ಸಡಿಲವನ್ನು ನುಂಗಿಹಾಕಬಲ್ಲದು.

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಡುವ ಹೆದ್ದಾರಿಗಳೆರಡೂ, ಒಂದು ಊಟಿಯ ಕಡೆಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ, ಬಂಡೀಪುರದ ಹುಲಿಗಳ ಕಾಡನ್ನು ಹಾಯ್ದೇ ಹೋಗಬೇಕು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಹಗಲಿನಲ್ಲಿಯೂ ವೇಗದ ಮಿತಿಯುಂಟು. ಮಿತಿಯನ್ನು ಪಾಲಿಸುತ್ತಿರುವೆನೆಂದು ಪ್ರಾಮಾಣಿಕವಾಗಿ ನಂಬಿದ ಚಾಲಕನೂ, ಸೂಚಕ ತಪ್ಪು ಹೇಳಿದ ಕಾರಣ ಅದನ್ನು ಮೀರಿ ಓಡಬಹುದು. ರಸ್ತೆಗೆ ಧುಮುಕಿದ ಕಡವೆಗೆ ಅವನ ಪ್ರಾಮಾಣಿಕತೆಯಿಂದ ಪ್ರಯೋಜನವಿಲ್ಲ.

ಘಟ್ಟದ ರಸ್ತೆಗಳ ಮಾತು ಬೇರೆ. ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳ ಮೇಲೆ ಸತ್ಯಮಂಗಲಕ್ಕೆ ಹೋಗುವವರು ದಿಂಬಂ ಘಟ್ಟದಲ್ಲಿ 27 ಕಡಿದಾದ ಸುತ್ತುತಿರುವುಗಳನ್ನು ಇಳಿಯಬೇಕು. ಗಾಲಿ ದೊಡ್ಡದಾದಷ್ಟೂ ಬ್ರೇಕಿನ ಹಿಡಿತಕ್ಕೆ ಅದು ಉದ್ದನೆಯ ಸನ್ನೆಗೋಲಾಗುತ್ತದೆ. ಪೆಡಲನ್ನು ಮುಂಚಿನಷ್ಟೇ ಬಲವಾಗಿ ತುಳಿದರೂ ನೆಲದ ಬಳಿ ಸಿಕ್ಕುವ ತಡೆ, ಮೇಲಿನ ನಿದರ್ಶನದಲ್ಲಿ, ಸುಮಾರು ಶೇಕಡ 5ರಷ್ಟು ಕಡಮೆ. ಹತ್ತುವಾಗ ಎಂಜಿನ್ನಿನ ಸೆಳೆತವೂ ಅಷ್ಟೇ ಕಡಮೆಯಾಗುವುದು. ಅಲ್ಲದೆ, ಅಂಗಡಿಯ ಮುಂದೆ ನಿಂತಾಗ ಕಮಾನಿಗೆ ತಾಗದೆ ಇದ್ದ ಅಗಲವಾದ ಟೈರು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ, ನಾಲ್ಕೈದು ಜನ ಕುಳಿತು ಸ್ಪ್ರಿಂಗು ತಗ್ಗಿರುವಾಗ, ಕಮಾನಿನ ಒಳಗೆ ಉಜ್ಜತೊಡಗುತ್ತದೆ. ಪೂರ್ತಿ ತಿರುಗಿಸಬೇಕಾದ ಸ್ಥಳ ಸುತ್ತುತಿರುವೇ! ಹೊಸ ಅಳತೆಯನ್ನು ಪರೀಕ್ಷಿಸುವವರು ಕಾರಿನಲ್ಲಿ ಜನರನ್ನು ತುಂಬಿಸಿ, ಚಕ್ರವನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿದ ಹೊರತು ಆ ಪರೀಕ್ಷೆ ಪರೀಕ್ಷೆಯಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಚಾಪಲ್ಯ ಯುವಕರಲ್ಲಿ ಹೆಚ್ಚು: ಹೊರವ್ಯಾಸವನ್ನು ಹಾಗೆಯೇ ಇಟ್ಟು ರಿಮ್ಮನ್ನು ದೊಡ್ಡದು ಮಾಡುವುದು. ಲೆಕ್ಕಕ್ಕೆ ಇದು ನಿರ್ದುಷ್ಟ. 195/55 ಆರ್ 16ರ ಹೊರವ್ಯಾಸ 620.9, ಮೂಲಕ್ಕೆ ತೀರ ಸಮೀಪ. ವೇಗಸೂಚಕ ತಪ್ಪುವುದಿಲ್ಲ, ಡಾಂಬರಿನ ಮೇಲೆ ತಿರುವಿನಲ್ಲಿ ಕಾರು ಸ್ಥಿರವಾಗಿಯೂ ಇರುತ್ತದೆ. ಆದರೆ ಪಕ್ಕೆಯ ಎತ್ತರ 132ರಿಂದ 107 ಮಿಲಿಮೀಟರಿಗೆ ಇಳಿಯಿತು. ಗುಂಡಿಯ ಅಂಚು ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಇರುವುದು ಈ ಪಕ್ಕೆಯ ಗಾಳಿಯೇ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮಾತ್ರ ಓಡುವವರು ಇದನ್ನು ಮಾಡಿಕೊಳ್ಳಲಿ. ನಮ್ಮ ತಾಲ್ಲೂಕುಗಳ ಒಳದಾರಿಗಳಿಗೆ ಎತ್ತರದ ಪಕ್ಕೆಯ ಚಿಕ್ಕ ರಿಮ್ಮೇ ಮೇಲೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಕಡಮೆ ಬೆಲೆಯ ಮಾದರಿಯ ಟೈರು ಇಲ್ಲಿ ಹೆಚ್ಚು ಬೆಲೆಯದಕ್ಕಿಂತ ಉಪಯುಕ್ತವಾಗಿರುವುದು ಒಂದು ವಿನೋದ.

ಅಳತೆಯ ಮುಂದೆ ಇನ್ನೊಂದು ಅಂಕಿಯೂ ಒಂದು ಅಕ್ಷರವೂ ಇರುತ್ತವೆ. ಕೊಳ್ಳುವವರು ಇವನ್ನು ಓದುವುದೇ ಅಪೂರ್ವ. 85 ಟಿ ಎಂದಿದ್ದರೆ, 85 ಎಂಬ ಸಂಕೇತಕ್ಕೆ ಒಂದು ಟೈರು 515 ಕಿಲೋಗ್ರಾಂ ಹೊರಬಲ್ಲದೆಂದೂ, ಟಿ ಎಂಬುದಕ್ಕೆ ಘಂಟೆಗೆ 190 ಕಿಲೋಮೀಟರಿನ ವೇಗವನ್ನು ತಾಳಬಲ್ಲದೆಂದೂ ಅರ್ಥ. 82 ಎಂದರೆ 475, 88 ಎಂದರೆ 560 ಕಿಲೋಗ್ರಾಂ. ಅಳತೆ ಬದಲಾದಾಗ ಈ ಅಂಕಿ ಮೂಲಕ್ಕಿಂತ ಕೆಳಗಿಳಿಯಕೂಡದು. ಅಗಲವಾದ ಟೈರು ಹೆಚ್ಚು ಭಾರ ಹೊರುವುದೆಂಬ ನಂಬಿಕೆ ಎಲ್ಲ ಕಾಲಕ್ಕೂ ಸತ್ಯವಲ್ಲ; ಪಕ್ಕೆ ಗಿಡ್ಡವಾದರೆ ಒಳಗಿನ ಗಾಳಿಯ ಗಾತ್ರ ಕುಗ್ಗುತ್ತದೆ, ಭಾರ ಹೊರುವುದು ಗಾಳಿಯೇ ಹೊರತು ರಬ್ಬರಲ್ಲ. ಹಾಗೆಯೇ ಪ್ರತಿಯೊಂದು ಟೈರಿನ ಅಗಲಕ್ಕೂ ತಕ್ಕ ರಿಮ್ಮಿನ ಅಗಲವುಂಟು. ಕಿರಿದಾದ ರಿಮ್ಮಿಗೆ ಅಗಲವಾದ ಟೈರನ್ನು ತುರುಕಿದರೆ ಪಕ್ಕೆಗಳು ಹೊರಗೆ ಉಬ್ಬಿ, ತುಳಿಯುವ ಮೈಯ ನಡುಭಾಗ ಮಾತ್ರ ಬೇಗ ಸವೆಯುತ್ತದೆ. ಮಳೆ ನಿಂತ ರಸ್ತೆಯಲ್ಲಿ ಅಗಲವಾದ ಟೈರು ನೀರಿನ ಮೇಲೆ ತೇಲುವ ಸಂಭವವೂ ಹೆಚ್ಚು.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಬಾಡಿಗೆಯ ಮತ್ತು ಸರಕಿನ ವಾಹನಗಳ ನೋಂದಣಿಯಲ್ಲಿ ಟೈರಿನ ಅಳತೆಯನ್ನೇ ಬರೆದಿರುವುದರಿಂದ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಸಾಗಿಸುವ ವಾಹನಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸ್ವಂತ ಕಾರಿನವರಿಗೆ ನಿರಾಪಾಯವಾದ ಮಾರ್ಗವೆಂದರೆ, ಅದೇ ಕಾರಿನ ಯಾವುದಾದರೊಂದು ಮಾದರಿಗೆ ತಯಾರಕರೇ ಕೊಟ್ಟಿರುವ ಅಳತೆಯೊಳಗೆ ಉಳಿಯುವುದು. ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅಳತೆಗಳೂ ತುಂಬಬೇಕಾದ ಗಾಳಿಯ ಒತ್ತಡವೂ ಬರೆದಿರುತ್ತವೆ. ಅಳತೆ ಬದಲಾದರೆ ಒತ್ತಡವೂ ಬದಲಾಗಬಹುದು.

ಕಾಗದದ ಲೆಕ್ಕವನ್ನು ರಸ್ತೆಯ ಮೇಲೆ ಪರೀಕ್ಷಿಸುವ ವಿಧಾನ ಸುಲಭ. ಟೈರು ನೆಲ ಮುಟ್ಟುವಲ್ಲಿ ಸುಣ್ಣದ ಗುರುತು ಮಾಡಿ, ಗಾಲಿ ಒಂದು ಪೂರ್ಣ ಸುತ್ತು ಬರುವಂತೆ ಕಾರನ್ನು ತಳ್ಳಿ, ನೆಲದ ಮೇಲಿನ ಎರಡು ಗುರುತುಗಳ ಅಂತರವನ್ನು ಪಟ್ಟಿಯಿಂದ ಅಳೆಯುವುದು. ಹಳೆಯ ಟೈರಿಗೂ ಹೊಸದಕ್ಕೂ ಹೀಗೆ ಮಾಡಿದರೆ ಪ್ರಮಾಣ ತಿಳಿಯುತ್ತದೆ. ಹೆದ್ದಾರಿಯ ಕಿಲೋಮೀಟರು ಕಲ್ಲುಗಳನ್ನು ಹತ್ತು ಎಣಿಸಿ ದೂರಮಾಪಕದೊಡನೆ ಹೋಲಿಸುವುದು ಇನ್ನೊಂದು ದಾರಿ. ಖರೀದಿಯ ದಿನವೇ ನೋಡಬೇಕಾದ ಇನ್ನೊಂದು ಬರಹ, ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ತಾರೀಖು: 2324 ಎಂದಿದ್ದರೆ ಆ ಟೈರು 2024ರ 23ನೆಯ ವಾರದಲ್ಲಿ ತಯಾರಾದುದು. ಕಾಲನಿರ್ದೇಶವನ್ನು ಇಷ್ಟು ನಿಖರವಾಗಿ ಕೊಡುವ ಶಾಸನಗಳು ನಮಗೆ ಹೆಚ್ಚಾಗಿ ಸಿಕ್ಕಿದ್ದರೆ ವಂಶಾವಳಿಗಳ ಎಷ್ಟೋ ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಕೊನೆಗೆ ಐದನೆಯ ಟೈರು. ನಾವು ಇದನ್ನು ‘ಸ್ಟೆಪ್ನಿ’ ಎನ್ನುತ್ತೇವೆ. ವೇಲ್ಸ್ ದೇಶದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಬದಲಿ ಗಾಲಿಯ ಹೆಸರದು, ನಮ್ಮ ದೇಶದಲ್ಲಿ ಇನ್ನೂ ಬಾಳುತ್ತಿದೆ. ಮೂಲದ ಸ್ಟೆಪ್ನಿ, ಗಾಳಿ ಹೋದ ಗಾಲಿಯ ಪಕ್ಕಕ್ಕೆ ಬಿಗಿದುಕೊಳ್ಳುವ ಬಳೆಯಂತಿದ್ದು, ಊರು ತಲಪುವವರೆಗಿನ ತಾತ್ಕಾಲಿಕ ಆಸರೆಯಾಗಿತ್ತು. ನಾಲ್ಕು ಟೈರುಗಳ ಅಳತೆಯನ್ನು ಬದಲಿಸಿ ಐದನೆಯದನ್ನು ಹಳೆಯ ಅಳತೆಯಲ್ಲೇ ಬಿಡುವವರು ತಿಳಿಯದೆಯೇ ಈ ಹಳೆಯ ಸ್ಥಿತಿಗೆ ಮರಳುತ್ತಾರೆ. ಒಂದೇ ಅಚ್ಚಿನ ಎರಡು ಗಾಲಿಗಳ ವ್ಯಾಸ ಬೇರೆಯಾದರೆ, ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಷಿಯಲ್ ಗಾಲಿಹಲ್ಲುಗಳು ನೇರ ದಾರಿಯಲ್ಲಿಯೂ ಎಡೆಬಿಡದೆ ದುಡಿಯುತ್ತವೆ, ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಗಾಳಿಯ ಒತ್ತಡವನ್ನು ತಾನಾಗಿ ತಿಳಿಸುವ ಸಾಧನವೂ ತೂತು ಮುಚ್ಚುವ ಸಲಕರಣೆಯೂ ಇರುವ ಸಣ್ಣ ವಾಹನಗಳಿಗೆ ಐದನೆಯ ಟೈರು ಕಡ್ಡಾಯವಲ್ಲವೆಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಸಡಿಲಿಸಿತು. ಆದರೆ ತೂತು ಮುಚ್ಚುವ ಸಲಕರಣೆಯಿಂದ ಸೀಳಿದ ಪಕ್ಕೆ ಮುಚ್ಚದು. ಬಂಡೀಪುರದ ಕಾಡಿನ ನಡುವೆ ವಾಹನದಿಂದ ಇಳಿಯುವುದಕ್ಕೆ ನಿಷೇಧವೂ ಉಂಟು. ಅಳತೆ ಬದಲಿಸುವವರು ಅಂಗಡಿಯವರಿಂದ ನಾಲ್ಕು ಟೈರುಗಳ ಬೆಲೆಯನ್ನಲ್ಲ, ಐದರ ಬೆಲೆಯನ್ನು ಕೇಳತಕ್ಕದ್ದು.